ಕುತ್ತಿಗೆಯಿಂದ ಕೆಳಗೆ

ಫೋಟೋ ಜೋಡಿಸಿ, ಜೊತೆಗೆ ಹಾಡು ಹರಿಸಿ, ಐದೇ ನಿಮಿಷದಲ್ಲಿ ಎಂಥ ಗಟ್ಟಿ ಗಂಡಸರೂ ಕರ್ಚೀಫು ಹುಡುಕುವ ಹಾಗೆ ಮಾಡುವುದರಲ್ಲಿ ಗುಂಡಿ ಎತ್ತಿದ ಕೈ. ಮದುವೆಯೋ, ಹುಟ್ಟುಹಬ್ಬವೋ, ನಿವೃತ್ತಿಯೋ, ಏನೇ ಇರಲಿ, ಸ್ಟುಡಿಯೋಗೆ ಬಂದವರು ಯಜಮಾನರನ್ನು ದಾಟಿ ನೇರ ಒಳಕೋಣೆಗೆ ನುಗ್ಗಿ ಅವಳ ಮೇಜಿನ ಮೇಲೆ ಆಲ್ಬಮ್ಮು ಸುರಿಯುತ್ತಿದ್ದರು. ಹನ್ನೊಂದು ವರ್ಷದಿಂದ ಇದೇ ಕಸುಬು. ಅದಕ್ಕೆ ಅವಳದೇ ಕಟ್ಟುಕಟ್ಟಳೆ. ಒಂದು ಫೋಟೋಗೆ ಮೂರು ಸೆಕೆಂಡು, ಜಾಸ್ತಿ ಬೇಡ. ತೊಟ್ಟಿಲ ಕೂಸಿನಿಂದ ಶುರು. ಅಳಿಸುವ ಫೋಟೋ ಮೂರನೇ ನಿಮಿಷಕ್ಕೆ, ನಗಿಸುವುದು ಅದರ ಬೆನ್ನಿಗೇ. ಐದು ನಿಮಿಷ ದಾಟಿತೋ, ಎಷ್ಟು ಹತ್ತಿರದ ನೆಂಟರಾದರೂ ಮೆಲ್ಲಗೆ ಜೇಬಿಂದ ಫೋನು ತೆಗೆಯುತ್ತಾರೆ. ಇದೆಲ್ಲದರ ಮೇಲೆ ಯಜಮಾನರದೊಂದು ಕಟ್ಟಪ್ಪಣೆ ಬೇರೆ: ಮುಖ ಕಾಣದ ಫೋಟೋ ಹಾಕಕೂಡದು. ಮುಖ ನೋಡೋಕೆ ತಾನೇ ಜನ ಬರೋದು ಅಂತ ಅವರ ವಾದ.

ಊರಿಗೆಲ್ಲ ಮಾಡಿಕೊಟ್ಟ ಗುಂಡಿ ತನ್ನ ಮನೆಯವರಿಗೆ ಅಂತ ಒಂದೇ ಒಂದನ್ನೂ ಮಾಡಿರಲಿಲ್ಲ. ಮನೆಯವರು ಅಂದರೆ ಇನ್ನೆಷ್ಟು ಜನ, ಇದ್ದವಳು ದೊಡ್ಡಮ್ಮ ಒಬ್ಬಳೇ.

ಇದೆಂಥ ಹೆಸರಪ್ಪಾ ಗುಂಡಿ ಅಂತ ನೀವು ಕೇಳಬಹುದು. ಶಾಲೆಯ ದಾಖಲೆಯಲ್ಲಿ ಚೆಂದದ ಹೆಸರೇ ಇದೆ, ಯಾರೂ ಕರೆಯಲಿಲ್ಲ ಅಷ್ಟೆ. ಮೂರು ವರ್ಷದವಳಿದ್ದಾಗ ಯಾರದೋ ಕೋಟಿನ ಗುಂಡಿ ನುಂಗಿಬಿಟ್ಟಿದ್ದಳು. ದೊಡ್ಡಮ್ಮ ಎರಡು ದಿನ ಕಾದು, ಬಂದ ಗುಂಡಿಯನ್ನು ಬಿಸಿನೀರಿನಲ್ಲಿ ತೊಳೆದು ಅದೇ ಕೋಟಿಗೆ ಹೊಲಿದು ಕೊಟ್ಟಳು ಅಂತ ಎದುರಂಗಡಿಯ ವಾಚಿನ ಮಾಮ ಇವತ್ತಿಗೂ ಹೇಳುತ್ತಾರೆ. ದೊಡ್ಡಮ್ಮ ಅಲ್ಲ ಅನ್ನುತ್ತಾಳೆ, ಆದರೆ ಗಟ್ಟಿಯಾಗಿ ಅಲ್ಲ ಅನ್ನುವುದಿಲ್ಲ.

ದೊಡ್ಡಮ್ಮ ಹೆಂಗಸರ ಬಟ್ಟೆ ಹೊಲಿಯುವವಳು. ಬೀದಿಗೆ ಮುಖ ಮಾಡಿದ ಅಂಗಡಿ, ಅದರ ಬೆನ್ನಿಗೆ ಎರಡು ಕೋಣೆ, ಅಲ್ಲೇ ಸಂಸಾರ. ಸಂಸಾರ ಅಂದರೆ ಮದುವೆಯೇನೂ ಅಲ್ಲ. ಗುಂಡಿಗೆ ಒಂದೂವರೆ ವರ್ಷವಿದ್ದಾಗ ಅವಳಮ್ಮ ಜ್ವರದಲ್ಲಿ ತೀರಿಕೊಂಡಳು. ಅಪ್ಪ ಅನ್ನಿಸಿಕೊಂಡ ಮಹಾರಾಯ ಆರು ತಿಂಗಳಲ್ಲಿ ಬೇರೆ ಊರಲ್ಲಿ ಬೇರೆ ಮನೆ ಹೂಡಿದ, ಹೋಗುವಾಗ ಮದುವೆಯ ಆಲ್ಬಮ್ಮನ್ನೂ ಎಲ್ಲಿ ಹಾಳುಮಾಡಿದನೋ ಗೊತ್ತಿಲ್ಲ. ಮಗುವನ್ನು ಎತ್ತಿಕೊಂಡವಳು ಅಮ್ಮನ ಅಕ್ಕ, ಈ ದೊಡ್ಡಮ್ಮ. ತಂಗಿ ಕೆಲಸಕ್ಕಿದ್ದ ಬಿಸ್ಕತ್ತು ಕಾರ್ಖಾನೆಯ ಗುರುತಿನ ಚೀಟಿಯಿಂದ ಬಿಡಿಸಿದ ಪಾಸ್‌ಪೋರ್ಟ್ ಅಳತೆಯ ಫೋಟೋ ಒಂದು ಉಳಿದಿತ್ತು. ಗುಂಡಿ ಅದನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಳು. ಬೈಸಿಕೊಂಡು ಬಂದವಳಂಥ ಮುಖ, ಬಿಗಿದ ತುಟಿ, ಕುತ್ತಿಗೆಯ ಹತ್ತಿರ ಫೋಟೋ ಮುಗಿಯುತ್ತದೆ. ನಿನ್ನದೂ ಒಂದು ಮಾಡ್ಕೊಳ್ಳೇ ಅಂತ ಗಿರಾಕಿಗಳು ರೇಗಿಸಿದರೆ, ನಮ್ಮಮ್ಮಂದು ಇರೋದೇ ಒಂದು ಫೋಟೋ, ಮೂರು ಸೆಕೆಂಡಿಗೆ ಮುಗಿದುಹೋಗುತ್ತೆ ಅಂತ ಗುಂಡಿ ನಕ್ಕುಬಿಡುತ್ತಿದ್ದಳು. ತಾಯಿ ಮಗಳು ಒಟ್ಟಿಗಿರುವ ಫೋಟೋ ಅಂತ ಒಂದೂ ಇರಲಿಲ್ಲ. ಬೇರೆಯವರ ಆಲ್ಬಮ್ಮುಗಳಲ್ಲಿ ಅಂಥದ್ದು ಬಂದಾಗ ಅವಳು ಮೂರರ ಬದಲು ನಾಲ್ಕು ಸೆಕೆಂಡು ಕೊಡುತ್ತಿದ್ದಳು, ಅಷ್ಟೆ.

ಇನ್ನು ದೊಡ್ಡಮ್ಮನಿಗೆ ಕೃತಜ್ಞತೆ ಹೇಳುವುದು. ಅಬ್ಬಾ, ಅದೊಂದು ದೊಡ್ಡ ಪಾಡು. ಮೊದಲ ಸಂಬಳ ತಂದ ದಿನ ಗುಂಡಿ ಬಾಯಿ ತೆರೆದಿದ್ದೇ ತಡ, ಸಾಕು ಸುಮ್ನಿರು, ಆ ಕತ್ತರಿ ಇತ್ತ ಕೊಡು ಅಂದಿದ್ದಳು ದೊಡ್ಡಮ್ಮ. ಟೈಫಾಯ್ಡಿನಲ್ಲಿ ಹದಿನಾರು ದಿನ ಪಕ್ಕದಲ್ಲಿ ಕೂತು ಬದುಕಿಸಿಕೊಂಡಾಗಲೂ ಅದೇ: ಸಾಕು, ದಾರ ಪೋಣಿಸು. ಯಾರಾದರೂ ಹೊಗಳಿದರೆ ಆಕೆಗೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತಿತ್ತು. ಹೀಗಾಗಿ ಇಪ್ಪತ್ತೊಂಬತ್ತು ವರ್ಷದ ಮಾತು ಗುಂಡಿಯ ಹೊಟ್ಟೆಯಲ್ಲೇ ಉಳಿದಿತ್ತು, ಆ ಕೋಟಿನ ಗುಂಡಿಗಿಂತ ಗಟ್ಟಿಯಾಗಿ.

ಈ ವರ್ಷ ದೊಡ್ಡಮ್ಮನ ಕಣ್ಣು ಕೈಕೊಟ್ಟಿತು. ನೋಡಿದ್ದರ ನಟ್ಟನಡುವೆ ಒಂದು ಮಬ್ಬು ಚುಕ್ಕಿ, ಅಂಚು ಮಾತ್ರ ನೆಟ್ಟಗೆ ಕಾಣುತ್ತದೆ. ಎದುರಿಗೆ ನಿಂತವರ ಮುಖ ಕಾಣದು, ತೋಳಿನ ಹೊಲಿಗೆ ಕಾಣುತ್ತದೆ. ತಲೆ ಓರೆ ಮಾಡಿ ಕಣ್ಣಂಚಿನಿಂದ ನೋಡುವುದನ್ನು ಕಲಿತಿದ್ದಳು. ಇನ್ನಾರು ತಿಂಗಳು, ಆಮೇಲೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣಲಿಕ್ಕಿಲ್ಲ ಅಂದರು ಡಾಕ್ಟರು. ದೊಡ್ಡಮ್ಮ ಅಳಲಿಲ್ಲ. ಬರುವ ತಿಂಗಳ ಮೊದಲ ಶನಿವಾರ ಅಂಗಡಿ ಮುಚ್ಚುತ್ತೇನೆ ಅಂತ ಬಾಗಿಲಿಗೆ ಚೀಟಿ ಅಂಟಿಸಿದಳು, ಅದೂ ಸೊಟ್ಟಗೆ.

ಆ ಚೀಟಿಯನ್ನು ಬಿಡಿಸಿ ನೆಟ್ಟಗೆ ಅಂಟಿಸುತ್ತಾ ಗುಂಡಿ ಲೆಕ್ಕ ಹಾಕಿದಳು. ಹೇಳುವುದನ್ನು ಹೇಳುವುದಿದ್ದರೆ ಈಗಲೇ, ಆಕೆಗೆ ಕಾಣುತ್ತಿರುವಾಗಲೇ. ಬಾಯಲ್ಲಿ ಹೇಳಿದರೆ ಕತ್ತರಿ ಕೊಡು ಅನ್ನುತ್ತಾಳೆ. ಗೋಡೆಯ ಮೇಲೆ ದೊಡ್ಡದಾಗಿ, ಹಾಡಿನ ಜೊತೆ, ಐದು ನಿಮಿಷ ನಡುವೆ ಬಾಯಿ ಹಾಕಲಾಗದ ಹಾಗೆ ತೋರಿಸಿದರೆ ಏನು ಮಾಡುತ್ತಾಳೆ ನೋಡೋಣ ಅಂತ ನಿರ್ಧರಿಸಿಬಿಟ್ಟಳು.

ಆದರೆ ಫೋಟೋ ಎಲ್ಲಿ? ದೊಡ್ಡಮ್ಮ ಕ್ಯಾಮೆರಾದ ಮುಂದೆ ನಿಂತವಳೇ ಅಲ್ಲ. ಆಗ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ನೆನಪಾಯಿತು. ಅದನ್ನು ನೆನಪಿಸಿದವಳೂ ದೊಡ್ಡಮ್ಮನೇ. ಸಾಮಾನು ಖಾಲಿ ಮಾಡುವಾಗ, ಆ ಪೆಟ್ಟಿಗೆ ತೆಗೆದು ನೋಡೋದೇನೂ ಬೇಡ, ಹಾಗೇ ಸುಟ್ಟುಬಿಡು ಅಂದಿದ್ದಳು. ಅಂದವಳು ಮಷೀನಿನ ಚಕ್ರದ ಮೇಲೆ ಕೈಯಿಟ್ಟು ತಿರುಗಿಸದೆ ಕೂತಿದ್ದಳು. ಗುಂಡಿ ಅದನ್ನು ಗಮನಿಸಲಿಲ್ಲ, ಸುಡಲು ಅಂತ ಇಳಿಸಿದ ಪೆಟ್ಟಿಗೆಯನ್ನು ನೇರ ಸ್ಟುಡಿಯೋಗೆ ಹೊತ್ತೊಯ್ದಳು.

ಪೆಟ್ಟಿಗೆಯಲ್ಲಿದ್ದದ್ದು ಸುಮಾರು ಒಂಬೈನೂರು ಫೋಟೋ, ಅಷ್ಟರಲ್ಲೂ ಒಂದೂ ತಲೆಯಿಲ್ಲ. ಇದು ದೊಡ್ಡಮ್ಮನ ಕೆಲಸದ ರೀತಿ. ಹೊಲಿದ ಬಟ್ಟೆಯನ್ನು ಮೊದಲ ಸಲ ತೊಟ್ಟು ನೋಡಲು ಬಂದವರನ್ನು ಕಿಟಕಿ ಪಕ್ಕ ನಿಲ್ಲಿಸಿ ಒಂದು ಫೋಟೋ ಹಿಡಿಯುತ್ತಿದ್ದಳು: ಯಾವ ಹೆಗಲು ಇಳಿದಿದೆ, ಬೆನ್ನಿನಲ್ಲಿ ಬಟ್ಟೆ ಎಲ್ಲಿ ಏಳುತ್ತದೆ, ಎಲ್ಲ ಅದರಲ್ಲಿ ಸಿಗುತ್ತದೆ ಅಂತ. ಫೋಟೋದ ಹಿಂದೆ ಎದೆ, ಸೊಂಟ, ತೋಳಿನ ಅಳತೆ ಬರೆದಿಡುತ್ತಿದ್ದಳು. ಒಬ್ಬ ಹೆಂಗಸಿನ ಅಳತೆ ಇನ್ನೊಬ್ಬರಿಗೆ ಗೊತ್ತಾಗಬಾರದು ಅನ್ನುವುದು ಆಕೆಯ ಪಟ್ಟು. ಅದಕ್ಕೇ ಹೆಸರಿಲ್ಲ, ಮುಖವಿಲ್ಲ, ಎಲ್ಲವೂ ಕುತ್ತಿಗೆಯಿಂದ ಕೆಳಗೆ. ರೀಲು ತೊಳೆಸಲು ಕೊಟ್ಟಾಗ ಸ್ಟುಡಿಯೋ ಯಜಮಾನರು, ನಿಮ್ಮ ಕ್ಯಾಮೆರಾಗೆ ಕುತ್ತಿಗೆ ಹಿಡ್ಕೊಂಡಿದೆಯೇನಮ್ಮಾ ಅಂತ ಕೇಳುತ್ತಿದ್ದರಂತೆ. ಆ ಪ್ರಿಂಟುಗಳನ್ನು ತರಲು ಹೋಗಿ ಬಂದೇ ಗುಂಡಿ ಸ್ಟುಡಿಯೋ ಕೆಲಸ ಕಲಿತದ್ದು. ಅಳತೆ ಬರೆದು ಪೆಟ್ಟಿಗೆಗೆ ಹಾಕಲು ಕೊಡುವಾಗ ದೊಡ್ಡಮ್ಮ ಪ್ರತಿ ಸಲ ಹೇಳುತ್ತಿದ್ದ ಮಾತು ಒಂದೇ, ಯಾವ ಫೋಟೋನೂ ಹಿಂದೆ ತಿರುಗಿಸಿ ನೋಡಬಾರದು.

ಯಜಮಾನರು ಪೆಟ್ಟಿಗೆ ಇಣುಕಿ, ಇದಕ್ಕೆ ತಲೆಬುಡ ಇಲ್ಲವಲ್ಲೇ ಅಂದರು. ಬುಡ ಇದೆ, ತಲೆ ಮಾತ್ರ ಇಲ್ಲ ಅಂದಳು ಗುಂಡಿ. ಅಂದಳೇ ಹೊರತು ಒಳಗೊಳಗೆ ಕೈಚೆಲ್ಲಿ ಕೂತಿದ್ದಳು. ಎರಡು ದಿನ ಸುಮ್ಮನೆ ಆ ಫೋಟೋಗಳನ್ನು ಹರಡಿಕೊಂಡು ನೋಡಿದಳು. ಮೂರನೇ ದಿನ ಏನೋ ಹೊಳೆಯಿತು. ಮುಖವಿಲ್ಲದಿದ್ದರೆ ಕಣ್ಣು ತಾನಾಗಿ ಹೊಲಿಗೆಯ ಮೇಲೆ ಹೋಗುತ್ತದೆ. ಹಸಿರು ಕೋಟಿನ ಕಾಲರು, ಮಗ್ಗಿಪುಸ್ತಕದಷ್ಟು ಸಣ್ಣ ಜೇಬು, ಯಾವುದೋ ಹುಡುಗಿಯ ಒಂದು ಗೇಣು ಇಳಿಬಿಟ್ಟ ಫ್ರಾಕಿನ ಅಂಚು. ದೊಡ್ಡಮ್ಮನ ಮೂವತ್ತು ವರ್ಷ ಪೂರಾ ಇಲ್ಲಿಯೇ ಇತ್ತು. ಗುಂಡಿ ಯಜಮಾನರ ಕಟ್ಟಪ್ಪಣೆಯನ್ನು ಮುರಿಯುತ್ತೇನೆ ಅಂದಳು. ಪ್ರೊಜೆಕ್ಟರೂ ಬೇಕು ಅಂದಳು. ಅವರು ಗೊಣಗಿದರು, ಆಮೇಲೆ ಕೊಟ್ಟರು. ಆ ಮನುಷ್ಯ ಗೊಣಗದೆ ಏನನ್ನೂ ಕೊಟ್ಟವರಲ್ಲ, ಗೊಣಗಿ ಕೊಡದೆ ಇದ್ದದ್ದೂ ಇಲ್ಲ.

ಹಾಡಿಗೆ ವಾಚಿನ ಮಾಮನನ್ನು ಹಿಡಿದಳು. ಮಧ್ಯಾಹ್ನ ಊಟವಾದ ಮೇಲೆ ಮಾಮ ಹತ್ತು ನಿಮಿಷ ಮೌತ್ ಆರ್ಗನ್ ನುಡಿಸುತ್ತಾರೆ, ಅವರೇ ಕಟ್ಟಿದ ಒಂದು ರಾಗ, ಅದನ್ನು ಕೇಳಿಕೊಂಡೇ ದೊಡ್ಡಮ್ಮ ಎರಡನೇ ಪಾಳಿಯ ಹೊಲಿಗೆಗೆ ಕೂರುವುದು. ಮಾಮನ ಅಂಗಡಿಯಲ್ಲೇ ರೆಕಾರ್ಡು ಮಾಡಿದರು. ಮೊದಲ ಸಲ ಚೆನ್ನಾಗಿ ಬರುತ್ತಿದ್ದಾಗ ನಡುವೆ ಹನ್ನೆರಡು ಗಂಟೆ ಆಗಿ ಗೋಡೆಯ ಮೇಲಿನ ಇಪ್ಪತ್ತು ಗಡಿಯಾರ ಒಟ್ಟಿಗೆ ಬಡಿದವು. ಎರಡನೇ ಸಲ ಮಾಮನಿಗೆ ಕೆಮ್ಮು. ಮೂರನೇ ಸಲ ಸರಿಹೋಯಿತು. ಅದಕ್ಕೆ ಜೊತೆಯಾಗಲಿ ಅಂತ ಗುಂಡಿ ದಾರದ ಡ್ರಾಯರಿನಲ್ಲಿ ಫೋನು ಬಚ್ಚಿಟ್ಟು ಮಷೀನಿನ ಸದ್ದನ್ನು ಹಿಡಿದಳು. ಕಣ್ಣು ಮಬ್ಬಾಗಿದ್ದರೂ ದೊಡ್ಡಮ್ಮನ ಕೈ ಬೆರಳಳತೆಯಲ್ಲೇ ನೆಟ್ಟಗೆ ಹೊಲಿಯುತ್ತಿತ್ತು. ಸದ್ದು ಓಡಿ ನಿಂತಾಗೊಮ್ಮೆ ಒಂದು ಫೋಟೋ ಬದಲಾಗಬೇಕು, ಹಾಗೆ ಜೋಡಿಸಿದಳು.

ಎಲ್ಲವನ್ನೂ ಮುಂಭಾಗ ಮಾತ್ರ ಸ್ಕ್ಯಾನ್ ಮಾಡಿದಳು. ಹಿಂದೆ ಏನಿದೆ ಅಂತ ಒಂದನ್ನೂ ತಿರುಗಿಸಲಿಲ್ಲ. ದೊಡ್ಡಮ್ಮನ ಮಾತು ಅಷ್ಟು ಮೈಗೆ ಹತ್ತಿತ್ತು. ಈ ನಿಷ್ಠೆಯೇ ಆಮೇಲೆ ಅವಳ ತಲೆಯ ಮೇಲೆ ಬಂತು ಅನ್ನಿ.

ನಗಿಸುವ ಫೋಟೋ ಒಂದು ಬೇಕಿತ್ತಲ್ಲ. ಪೆಟ್ಟಿಗೆಯ ತಳದಲ್ಲಿ ಒಂದೇ ಗೌನಿನ ಮೂರು ಫೋಟೋ ಸಿಕ್ಕವು. ನೀಲಿ ಗೌನು, ಬಿಳಿ ಪಟ್ಟಿಯ ತೋಳು. ಮೊದಲನೆಯದರಲ್ಲಿ ಸೊಂಟ ತೆಳ್ಳಗೆ, ಎರಡನೆಯದರಲ್ಲಿ ಪಕ್ಕದ ಹೊಲಿಗೆ ಬಿಡಿಸಿ ಅಗಲ ಮಾಡಿದೆ, ಮೂರನೆಯದರಲ್ಲಿ ಇನ್ನೂ ಬಿಡಿಸಿದೆ. ಮೂರನೆಯದು ಪೂರಾ ಅಲ್ಲಾಡಿ ಮಸುಕಾಗಿತ್ತು. ಯಾರೋ ತಿಂಡಿಪೋತಿ ಗಿರಾಕಿ, ಉಬ್ಬುತ್ತಾ ಉಬ್ಬುತ್ತಾ ಹೋಗಿ ಬಡಪಾಯಿ ಗೌನಿನ ಜೀವ ತಿಂದಿದ್ದಾಳೆ ಅಂತ ಗುಂಡಿಗೆ ನಗು ತಡೆಯಲಾಗಲಿಲ್ಲ. ಮಸುಕಾದದ್ದನ್ನು ಬಿಟ್ಟುಬಿಡು ಅಂದರು ಯಜಮಾನರು. ಇವಳು ಬಿಡಲಿಲ್ಲ. ಮೂರನ್ನೂ ಒಂದೊಂದೇ ಸೆಕೆಂಡಿಗೆ ಒಂದರ ಹಿಂದೊಂದು ಇಟ್ಟು, ಸೊಂಟದ ಹತ್ತಿರಕ್ಕೆ ಎಳೆದು, ಮಾಮನ ಹತ್ತಿರ ಪೋಂ, ಪೋಂ, ಪೋಂ ಅಂತ ಮೂರು ದಪ್ಪ ಸ್ವರ ನುಡಿಸಿಸಿ ಸೇರಿಸಿದಳು. ಹನ್ನೊಂದು ವರ್ಷದ ಅನುಭವ, ಇಲ್ಲಿ ಜನ ಬಿದ್ದು ಬಿದ್ದು ನಗುತ್ತಾರೆ ಅಂತ ಅವಳಿಗೆ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಅಂಗಡಿಗೆ ಹದಿನೈದು ಇಪ್ಪತ್ತು ಜನ ಬಂದರು. ಹಳೇ ಗಿರಾಕಿಗಳು, ಮಾಮ, ಯಜಮಾನರು. ಬಟ್ಟೆ ಕತ್ತರಿಸುವ ಮೇಜನ್ನು ಗೋಡೆಗೆ ಸರಿಸಿ, ಕಿಟಕಿಗೆ ದಪ್ಪ ಬಟ್ಟೆ ಇಳಿಬಿಟ್ಟು, ಬಿಳಿ ಅಸ್ತರಿನ ಬಟ್ಟೆಯನ್ನೇ ಪರದೆ ಮಾಡಿದರು. ಇದೇನೇ ನಾಟಕ ಅಂತ ದೊಡ್ಡಮ್ಮ ಸಿಡುಕಿದಳು. ಗುಂಡಿ ಆಕೆಯನ್ನು ಆಕೆಯದೇ ಸ್ಟೂಲಿನ ಮೇಲೆ ಕೂರಿಸಿ, ಐದು ನಿಮಿಷ ಏನೂ ಕೇಳಬಾರದು, ಕತ್ತರಿಯನ್ನೂ ಕೇಳಬಾರದು ಅಂದಳು. ದೊಡ್ಡಮ್ಮ ತಲೆ ಓರೆ ಮಾಡಿ ಪರದೆಯತ್ತ ತಿರುಗಿದಳು.

ಮಷೀನಿನ ಸದ್ದು ಶುರುವಾಯಿತು, ಅದರ ಮೇಲೆ ಮಾಮನ ರಾಗ. ಮೊದಲ ಫೋಟೋ ಹಸಿರು ಕೋಟು. ಹಿಂದಿನ ಸಾಲಿನಲ್ಲಿ ಕೂತಿದ್ದ ಶಾಲೆಯ ಟೀಚರು ಅರ್ಧ ಎದ್ದುನಿಂತು, ಅದು ನಂದು, ಮೊದಲ ಕೆಲಸದ ಸಂದರ್ಶನಕ್ಕೆ ಹಾಕ್ಕೊಂಡು ಹೋದದ್ದು ಅಂದರು. ಆ ಕೋಟಿನ ಹೊಲಿಗೆಗೆ ಕೊಡಲು ಆಗ ಅವರ ಹತ್ತಿರ ದುಡ್ಡಿರಲಿಲ್ಲ, ಕೆಲಸ ಸಿಕ್ಕಮೇಲೆ ನೋಡೋಣ ಅಂದಿದ್ದಳಂತೆ ದೊಡ್ಡಮ್ಮ. ಆಮೇಲೆ ಒಬ್ಬೊಬ್ಬರದೂ ಶುರುವಾಯಿತು. ಅಯ್ಯೋ ಅದು ನನ್ನ ತೋಳು. ಅದು ನಮ್ಮ ಅತ್ತೆಯ ಬೆನ್ನು, ಬೇಕಾದರೆ ಬರೆದುಕೊಡ್ತೀನಿ. ತಲೆಯಿಲ್ಲದಿದ್ದರೂ ಒಬ್ಬರೂ ತಪ್ಪಲಿಲ್ಲ, ಬಟ್ಟೆ ನೋಡಿಯೇ ಅವರವರು ಅವರವರನ್ನು ಗುರುತು ಹಿಡಿದರು. ಒಂದು ಹೆಗಲು ಗಿಡ್ಡ ಅಂತ ಶಾಲೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದಾಗ, ಯಾರಿಗೂ ಕಾಣದ ಹಾಗೆ ಒಳಗೆ ಪದರ ಕೊಟ್ಟು ಹೊಲಿದವಳು ನೀನೇ ಕಣಮ್ಮ ಅಂತ ಒಬ್ಬಾಕೆ ಕತ್ತಲಲ್ಲೇ ಹೇಳಿದಳು. ಸ್ಟೂಲಿನ ಮೇಲೆ ಕೂತ ದೊಡ್ಡಮ್ಮನಿಗೆ ಸಾಕು ಅನ್ನಲು ಬಿಡುವೇ ಸಿಗಲಿಲ್ಲ. ಗುಂಡಿಗೆ ಹಿಗ್ಗೋ ಹಿಗ್ಗು.

ಆಗ ನೀಲಿ ಗೌನು ಬಂತು.

ಪೋಂ. ಪೋಂ. ಪೋಂ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರಂತೂ ಕಣ್ಣೊರೆಸಿಕೊಂಡರು. ಅದರ ಮಧ್ಯೆ ಸ್ಟೂಲು ಕಿರ್ ಅಂದಿತು. ದೊಡ್ಡಮ್ಮ ಎದ್ದು ನಿಂತಿದ್ದಳು.

"ನಿಲ್ಲಿಸು," ಅಂದಳು.

ಗುಂಡಿ ನಿಲ್ಲಿಸಿದಳು. ಮೂರನೇ ಫೋಟೋ, ಆ ಮಸುಕು ನೀಲಿ, ಪರದೆಯ ಮೇಲೆ ಹಾಗೇ ನಿಂತುಬಿಟ್ಟಿತು. ದೊಡ್ಡಮ್ಮ ತಡವರಿಸಿಕೊಂಡು ಪರದೆಯ ಹತ್ತಿರ ಹೋಗಿ ಆ ಸೊಂಟದ ಮೇಲೆ ಅಂಗೈ ಇಟ್ಟಳು. ನಗು ಒಬ್ಬೊಬ್ಬರದಾಗಿ ನಿಂತಿತು. ಮಾಮ ಸೂಕ್ಷ್ಮದ ಮನುಷ್ಯ, ನಡೀರಿ, ಆಚೆ ಸ್ವಲ್ಪ ಗಾಳಿಗೆ ನಿಲ್ಲೋಣ ಅಂತ ಎಲ್ಲರನ್ನೂ ಬೀದಿಗೆ ಕರೆದುಕೊಂಡು ಹೋದರು.

ಗುಂಡಿ ಪ್ರೊಜೆಕ್ಟರು ಬಿಟ್ಟು ದೊಡ್ಡಮ್ಮನ ಹತ್ತಿರ ಬಂದಳು. ಬೇರೆಯವರ ಗುಟ್ಟನ್ನು ಬೀದಿಗೆ ಹಾಕಿಬಿಟ್ಟೆ, ಮೂವತ್ತು ವರ್ಷದ ಮಾನವನ್ನು ಮೂರು ಸ್ವರದಲ್ಲಿ ಕಳೆದೆ ಅಂತ ಅವಳಿಗೆ ಅನ್ನಿಸಿತು. ತಪ್ಪಾಯಿತು ಅಂದಳು. ಪೆಟ್ಟಿಗೆ ಸುಡದೆ ತೆಗೆದು ನೋಡಿದ್ದು, ಗಿರಾಕಿಯನ್ನು ನಗೆಪಾಟಲು ಮಾಡಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಕೊಂಡಳು. ದೊಡ್ಡಮ್ಮನಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ.

"ಆ ಫೋಟೋ ಎಲ್ಲಿದೆ? ಕೈಗೆ ಕೊಡು. ಹಿಂದೆ ತಿರುಗಿಸಿ ನೋಡಿದ್ಯಾ?"

"ಇಲ್ಲ. ನೋಡಬಾರದು ಅಂತ ನೀನೇ ಹೇಳಿದ್ದಲ್ಲ."

"ಈಗ ನೋಡು. ಓದು."

ಗುಂಡಿ ಪ್ರೊಜೆಕ್ಟರಿನ ಜೊತೆ ತಂದಿದ್ದ ಪೆಟ್ಟಿಗೆಯಿಂದ ಮೂರನ್ನೂ ತೆಗೆದು, ಕಿಟಕಿಯ ಬಟ್ಟೆ ಸರಿಸಿ, ಬೆಳಕಿಗೆ ಹಿಡಿದಳು. ಮೊದಲನೆಯದರ ಹಿಂದೆ ಅಂಕಿ ಮಾತ್ರ, ಎರಡನೆಯದರ ಹಿಂದೆಯೂ ಅಷ್ಟೆ. ಮೂರನೆಯದರ ಹಿಂದೆ ಸೀಸದ ಕಡ್ಡಿಯಲ್ಲಿ ಬರೆದಿತ್ತು: ಸೊಂಟ ನಲವತ್ತೊಂದು. ಇನ್ನು ಬಿಡಿಸಲು ಬಟ್ಟೆ ಇಲ್ಲ. ಕೆಳಗೆ ತಾರೀಖು. ಗುಂಡಿ ಆ ತಾರೀಖನ್ನು ಎರಡು ಸಲ ಓದಿದಳು. ಅವಳು ಹುಟ್ಟಿದ್ದು ಅದಾದ ಒಂಬತ್ತನೇ ದಿನ.

"ಅದು ನಿಮ್ಮಮ್ಮ," ಅಂದಳು ದೊಡ್ಡಮ್ಮ. "ಒಳಗಿರೋದು ನೀನು."

ಗುಂಡಿ ಕೂತಳು. ಎಲ್ಲಿ ಕೂತೆ ಅಂತ ಅವಳಿಗೇ ಗೊತ್ತಾಗಲಿಲ್ಲ, ನೆಲದ ಮೇಲೆ, ಕತ್ತರಿಸಿದ ಚೂರುಗಳ ನಡುವೆ. ಇಷ್ಟು ವರ್ಷ ಬೇರೆಯವರ ಅಮ್ಮಂದಿರಿಗೆ ನಾಲ್ಕು ಸೆಕೆಂಡು ಕೊಟ್ಟವಳು, ತನ್ನಮ್ಮನಿಗೆ ಒಂದೊಂದು ಸೆಕೆಂಡು ಕೊಟ್ಟು ಊರಿನವರನ್ನು ನಗಿಸಿದ್ದಳು.

ಆಮೇಲೆ ದೊಡ್ಡಮ್ಮ ಮಾತಾಡಿದಳು. ಆಕೆ ಅಷ್ಟು ಉದ್ದ ಮಾತಾಡಿದ್ದನ್ನು ಗುಂಡಿ ಕೇಳಿದ್ದೇ ಇಲ್ಲ. ತಂಗಿಗೆ ಇದ್ದ ಒಳ್ಳೆಯ ಗೌನು ಅದೊಂದೇ, ಹೊಟ್ಟೆ ಬೆಳೆದ ಹಾಗೆಲ್ಲ ಬಂದು ಬಿಡಿಸಿಕೊಂಡು ಹೋಗುತ್ತಿದ್ದಳು. ಪ್ರತಿ ಸಲ ಕಿಟಕಿ ಪಕ್ಕ ನಿಲ್ಲಿಸಿ ದೊಡ್ಡಮ್ಮ ಫೋಟೋ ಹಿಡಿದಿದ್ದಳು. ನಂದೂ ತಲೆ ಕಡಿತೀಯೇನಕ್ಕಾ ಅಂತ ತಂಗಿ ಕೇಳಿದ್ದಳು. ಅಂಗಡಿಯ ಪದ್ಧತಿ ಪದ್ಧತಿಯೇ, ತಂಗಿಗೊಂದು ಊರವರಿಗೊಂದು ಮಾಡಲ್ಲ ಅಂದಿದ್ದಳು ಇವಳು, ಜಂಬದಲ್ಲಿ. ತಂಗಿ ಹೋದ ಮೇಲೆ ಮಗು ಅಮ್ಮ ಎಲ್ಲಿ ಅಂತ ಕೇಳಲು ಶುರುಮಾಡಿತು. ದೊಡ್ಡಮ್ಮ ಒಂದು ದಿನ ಈ ಮೂರನ್ನು ಹುಡುಕಿ ತೆಗೆದು, ನೋಡಿ, ಮತ್ತೆ ಪೆಟ್ಟಿಗೆಯ ತಳಕ್ಕೆ ತುರುಕಿದ್ದಳು.

"ಒಂದು ಬೆರಳಿನಷ್ಟು ಕ್ಯಾಮೆರಾ ಮೇಲೆತ್ತಿದ್ರೆ ಸಾಕಿತ್ತು. ನಿನಗೆ ಅಮ್ಮ ಇರ್ತಿದ್ಲು, ನೀನೂ ಜೊತೆಗೆ ಇರ್ತಿದ್ದೆ. ತಲೆಯಿಲ್ಲದ ಅಮ್ಮನನ್ನ ಮಗು ಕೈಗೆ ಹೇಗೆ ಕೊಡಲಿ? ಯಾವ ಮುಖ ಇಟ್ಕೊಂಡು ಕೊಡಲಿ?" ಎಂದಳು. "ನೀನು ಕೃತಜ್ಞತೆ ಅಂತ ಶುರುಮಾಡಿದಾಗೆಲ್ಲ ನನಗೆ ಇದೇ ನೆನಪಾಗ್ತಿತ್ತು."

ಓಹೋ, ಹಾಗಾದರೆ ಕತ್ತರಿ ಕೊಡು ಅನ್ನುತ್ತಿದ್ದದ್ದು ಇದಕ್ಕೆ. ಗುಂಡಿ ಮೂಗೊರೆಸಿಕೊಂಡು ಎದ್ದಳು. ಪರ್ಸು ತೆಗೆದಳು. ಅದರೊಳಗಿನ ಪಾಸ್‌ಪೋರ್ಟ್ ಅಳತೆಯ ಮುಖವನ್ನು ತೆಗೆದು, ಕತ್ತರಿಸುವ ಮೇಜಿನ ಮೇಲೆ ಮೂರನೇ ಫೋಟೋ ಇಟ್ಟು, ಅದರ ಮೇಲಂಚಿಗೆ ಇದರ ಕೆಳಗಂಚನ್ನು ಕೂಡಿಸಿದಳು. ಒಂದು ಕಪ್ಪು ಬಿಳುಪು, ಇನ್ನೊಂದು ಬಣ್ಣದ್ದು. ಆದರೆ ದೇವರಾಣೆ, ಅಳತೆ ಹೊಂದಿತು. ಅಲ್ಲಿ ಕುತ್ತಿಗೆ ಎಲ್ಲಿ ಮುಗಿದಿತ್ತೋ, ಇಲ್ಲಿ ಅಲ್ಲಿಂದಲೇ ಶುರುವಾಗಿತ್ತು.

ದೊಡ್ಡಮ್ಮನ ಕೈ ಹಿಡಿದು ತಂದು ಅದರ ಮೇಲೆ ಇಡಿಸಿದಳು. ದೊಡ್ಡಮ್ಮ ತಲೆ ಓರೆ ಮಾಡಿ, ಇನ್ನೂ ಓರೆ ಮಾಡಿ, ಕಣ್ಣಂಚಿನಿಂದ ನೋಡಿದಳು. ಎರಡು ಫೋಟೋ ಕೂಡಿದ ಗೆರೆಯ ಮೇಲೆ ಹೆಬ್ಬೆರಳು ಎಳೆದಳು. ಗಿರಾಕಿಯ ಕಾಲರನ್ನು ನೋಡುವುದು ಹೀಗೆಯೇ.

"ಕುತ್ತಿಗೆ ಸರಿಯಾಗಿ ಕೂತಿದೆ," ಅಂದಳು. ಆಕೆಯ ಬಾಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಆಮೇಲೆ ಗುಂಡಿಯ ಹೆಗಲಿಗೆ ಹಣೆಯಿಟ್ಟು ಅತ್ತಳು.

ಗುಂಡಿ ಇಪ್ಪತ್ತೊಂಬತ್ತು ವರ್ಷದಿಂದ ಇಟ್ಟುಕೊಂಡಿದ್ದನ್ನು ಆಗ ಹೇಳಿದಳು. ಅಮ್ಮನ ಜೊತೆಗಿನ ಫೋಟೋ ಇಲ್ಲ ಅಂತ ತನಗೆ ಬೇಜಾರಾಗಿದ್ದು ನಿಜ, ಅಮ್ಮ ಇಲ್ಲ ಅಂತ ಆಗಿರಲಿಲ್ಲ, ಯಾಕೆಂದರೆ ನೀನಿದ್ದೆ ಅಂದಳು. ತನ್ನನ್ನು ಎತ್ತಿಕೊಂಡಿದ್ದಕ್ಕೆ, ಟೈಫಾಯ್ಡಿಗೆ, ಶಾಲೆಗೆ, ಹಬೆಯಾಡುವ ಇಸ್ತ್ರಿಯ ಪಕ್ಕ ಕೂರಿಸಿಕೊಂಡು ಮಗ್ಗಿ ಹೇಳಿಕೊಟ್ಟಿದ್ದಕ್ಕೆ, ಎಲ್ಲಕ್ಕೂ ಋಣಿ ಅಂದಳು. ದೊಡ್ಡಮ್ಮ ಅಭ್ಯಾಸಬಲದಿಂದ ಸಾ... ಅಂತ ಶುರುಮಾಡಿ, ಅಲ್ಲಿಗೇ ನಿಲ್ಲಿಸಿ, ಪೂರ್ತಿ ಕೇಳಿಸಿಕೊಂಡಳು. ಕತ್ತರಿ ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಗುಂಡಿ, ಆ ಪೋಂ ಪೋಂ ಈಗಲೇ ತೆಗೆದುಬಿಡ್ತೀನಿ ಅಂದಳು. ಹೇಳಲಿಕ್ಕೇ ಅವಳಿಗೆ ನಾಚಿಕೆಯಾಗುತ್ತಿತ್ತು.

"ತೆಗೀಬೇಡ," ಅಂದಳು ದೊಡ್ಡಮ್ಮ. "ಮೂರನೇದು ಯಾಕೆ ಮಸುಕಾಗಿದೆ ಗೊತ್ತಾ? ನಾನು ಒತ್ತೋ ಹೊತ್ತಿಗೆ ನೀನು ಒಳಗಿಂದ ಒದ್ದೆ. ಬಟ್ಟೆ ಎದ್ದು ಕಾಣ್ತು. ಅವಳು ನಕ್ಕಳು ನೋಡು, ಬಿದ್ದು ಬಿದ್ದು. ಅವಳನ್ನ ನೋಡಿ ನಾನೂ ನಕ್ಕೆ, ಕೈ ಅಲ್ಲಾಡ್ತು."

ಗುಂಡಿ ಮೇಜಿನ ಮೇಲಿನ ಆ ಬಿಗಿದ ತುಟಿಯನ್ನೇ ನೋಡುತ್ತಾ ನಿಂತಳು. ಅಮ್ಮ ನಗುತ್ತಿದ್ದಳು ಅಂತ ಅವಳಿಗೆ ಅವತ್ತಿನವರೆಗೆ ಯಾರೂ ಹೇಳಿರಲಿಲ್ಲ.

ಕಂಪ್ಯೂಟರಿನ ಮುಂದೆ ಕೂತು ಒಂದೇ ಒಂದು ಬದಲಾವಣೆ ಮಾಡಿದಳು. ಆ ಮೂರು ಫೋಟೋಗಳ ವೇಗ ಇಳಿಸಿ, ಮಾಮನ ಮೂರು ಸ್ವರಗಳ ನಡುವೆ ಬಿಡುವು ಕೊಟ್ಟು, ಮೂರನೆಯದನ್ನು ಅರ್ಧ ನಿಮಿಷ ನಿಲ್ಲಿಸಿದಳು. ಒಟ್ಟು ಐದು ನಿಮಿಷ ದಾಟಿತು. ದಾಟಲಿ ಬಿಡು ಅಂದುಕೊಂಡಳು. ಆಮೇಲೆ ಬಾಗಿಲು ತೆಗೆದು, ಬೀದಿಯಲ್ಲಿ ತಪ್ಪು ಮಾಡಿದವರಂತೆ ನಿಂತಿದ್ದವರನ್ನೆಲ್ಲ ಒಳಗೆ ಕರೆದಳು. ಎಲ್ಲರಿಗೂ ನಿಮ್ಮ ನಿಮ್ಮ ಫೋನಿಗೆ ಕಳಿಸಿಕೊಡ್ತೀನಿ, ಆದರೆ ಮೊದಲು ಇಲ್ಲಿ ಇನ್ನೊಂದು ಸಲ ನೋಡಬೇಕು, ಆ ನೀಲಿ ಗೌನು ನಮ್ಮಮ್ಮ, ಒಳಗಿರೋದು ನಾನು ಅಂದಳು. ಟೀಚರು ಬಂದು ದೊಡ್ಡಮ್ಮನ ಸ್ಟೂಲಿನ ಪಕ್ಕ ನೆಲದ ಮೇಲೇ ಕೂತರು.

ಮತ್ತೆ ಮಷೀನಿನ ಸದ್ದು, ಹಸಿರು ಕೋಟು, ತೋಳುಗಳು, ಬೆನ್ನುಗಳು. ನೀಲಿ ಗೌನು ಬಂದಾಗ ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ಪೋಂ. ಒಬ್ಬರೂ ಕೆಮ್ಮಲಿಲ್ಲ. ಪೋಂ. ಯಜಮಾನರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮೂರನೇ ಪೋಂ ಬಂತು, ಪರದೆಯ ತುಂಬ ಆ ಅಲ್ಲಾಡಿದ ನೀಲಿ ಹರಡಿಕೊಂಡಿತು, ಮತ್ತು ಆ ನಿಶ್ಶಬ್ದದಲ್ಲಿ ಮೊದಲು ನಕ್ಕವಳು ದೊಡ್ಡಮ್ಮ.